ಒಳಬದಿಯ ಜಾಗ

ಮಾರ್ಚ್ 3

ನನ್ನ ಬಾಯಿಬಡಕಿ ಮಗಳಿಗೆ,

ನೀನು ಬೆಟ್ಟ ಹತ್ತಿದ ಮೇಲೆ ಮನೆ ಎಷ್ಟು ತೆಪ್ಪಗಿದೆ ಎಂದರೆ, ಹೊಲಿಗೆ ಯಂತ್ರ ನಿಲ್ಲಿಸಿದರೆ ಗೋಡೆ ಗಡಿಯಾರ ಇದೆಯೆಂದು ಗೊತ್ತಾಗುತ್ತದೆ. ನಿನ್ನ ಹವಾಮಾನ ಕೇಂದ್ರದಲ್ಲಿ ಫೋನ್ ಸಿಗುವುದಿಲ್ಲ, ಸಾಮಾನು ತರುವ ಜೀಪಿನಲ್ಲಿ ಕಾಗದ ಕಳಿಸು ಎಂದೆಯಲ್ಲ, ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ಊಟ ಆಯಿತಾ ಎಂದು ಕೇಳುತ್ತೇನೆ, ಮತ್ತೇನು ಎಂದು ಕೇಳುತ್ತೇನೆ, ಇಟ್ಟುಬಿಡುತ್ತೇನೆ.

ಈಗ ನಿನ್ನ ಗೇಮ್ ಪೆಟ್ಟಿಗೆಯ ವಿಚಾರ. ಆಗಾಗ ಚಾಲೂ ಮಾಡಿ ಆರಿಸು, ಸುಮ್ಮನಿಟ್ಟರೆ ಕೆಡುತ್ತದೆ ಎಂದು ಹೇಳಿ ಹೋದೆ. ಚಾಲೂ ಮಾಡುವುದನ್ನು ಹೇಳಿಕೊಟ್ಟೆ, ಆರಿಸುವುದನ್ನು ಹೇಳಿಕೊಡಲಿಲ್ಲ. ಗುಂಡಿ ಒತ್ತಿದೆ. ಟಿವಿಯಲ್ಲಿ ಸಾಲಾಗಿ ಕಾರುಗಳು ಬಂದು ನಿಂತವು. ಕೆಂಪು ದೀಪ ಆರಿದ್ದೇ ತಡ ಎಲ್ಲವೂ ಭರ್ರೆಂದು ಹೊರಟುಹೋದವು, ನನ್ನದೊಂದು ನಿಂತೇ ಇತ್ತು. ಯಾರೂ ನೋಡುತ್ತಿರಲಿಲ್ಲ, ಆದರೂ ನಾಚಿಕೆಯಾಯಿತು. ನೀನು ಮೇಜಿಗೆ ಬಿಗಿದಿಟ್ಟ ಸ್ಟೇರಿಂಗ್ ಎದುರಿಗಿತ್ತು, ಕೆಳಗೆ ಪೆಡಲ್ ಇತ್ತು. ಕಾಲಿಟ್ಟೆ.

ಗೋಡೆಗೆ ಹೊಡೆದೆ. ಹಿಂದಕ್ಕೆ ತೆಗೆದುಕೊಂಡು ಮತ್ತೆ ಅದೇ ಗೋಡೆಗೆ ಹೊಡೆದೆ. ಆ ಸಮುದ್ರದ ದಂಡೆಯ ರಸ್ತೆಯಲ್ಲಿ ನಾನು ಹೊಡೆಯದ ಗೋಡೆ ಉಳಿದಿಲ್ಲ. ಎಲ್ಲರೂ ಮುಗಿಸಿ ಮನೆಗೆ ಹೋದಮೇಲೂ ನಾನು ಹೊಡೆಯುತ್ತಲೇ ಇದ್ದೆ. ನೀನು ಬಾ ಅಮ್ಮ ಒಂದಾಟ ಆಡೋಣ ಎಂದು ಕರೆದಾಗೆಲ್ಲ ಮಕ್ಕಳಾಟ ಎಂದು ಬೈಯುತ್ತಿದ್ದವಳು ನಾನೇ, ಒಪ್ಪಿದೆ. ತಿರುವಿನಲ್ಲಿ ಗೋಡೆಗೆ ಹೋಗದಿರುವುದು ಹೇಗೆ, ಬರೆ. ಸುಮ್ಮನೆ ಕೇಳಿದೆ ಅಷ್ಟೆ.

ಮನೆ ಮುಂದಿನ ನಮ್ಮ ಹೊಲಿಗೆ ಅಂಗಡಿಯ ಶಟರ್ ಹಿಡಿದುಕೊಂಡಿತ್ತು. ಎದುರು ಸಾಲಿನಲ್ಲಿ ಕೀಲಿಕೈ ಮಾಡುವ ಬೀಗದವರು ಬಂದಿದ್ದರು, ಸರಿಯಾಯಿತು. ಬೆಚ್ಚಗೆ ಹೊದ್ದುಕೊಂಡು ಮಲಗು.

ಗೋಡೆಗೆ ಹೊಡೆದ
ನಿನ್ನ ಅಮ್ಮ


ಮಾರ್ಚ್ 17

ಅಮ್ಮಾ,

‘ಬೀಗದವರು ಬಂದಿದ್ದರು’ ಎಂಬುದನ್ನು ನಾನು ‘ಬೀಗರು ಬಂದಿದ್ದರು’ ಎಂದು ಓದಿಕೊಂಡೆ. ಮುಂದೆ ‘ಸರಿಯಾಯಿತು’ ಎಂದು ಬೇರೆ ಬರೆದಿದ್ದೀಯ. ಎದೆ ಧಸಕ್ಕೆಂದಿತು. ಮಗಳು ಬೆಟ್ಟ ಹತ್ತಿದ್ದೇ ತಡ, ಯಾವುದೋ ಗಂಡಿನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತು ಮುಗಿಸಿಯೇಬಿಟ್ಟಳೇ ಎಂದುಕೊಂಡೆ. ಇನ್ನು ಮೇಲೆ ದಯವಿಟ್ಟು ಅಕ್ಷರ ಬಿಡಿಸಿ ಬರೆ.

ನಿನ್ನ ಗೋಡೆಯ ಕಾಯಿಲೆಗೆ ಮದ್ದಿದೆ. ನೀನು ತಿರುವಿನೊಳಗೆ ಹೋದಮೇಲೆ ಬ್ರೇಕ್ ಒತ್ತುತ್ತೀಯ, ನೋಡದೆಯೇ ಹೇಳಬಲ್ಲೆ. ಬ್ರೇಕಿನ ಕೆಲಸ ನೇರ ರಸ್ತೆಯಲ್ಲೇ ಮುಗಿದಿರಬೇಕು. ಚಕ್ರಕ್ಕೆ ಒಂದು ಸಲಕ್ಕೆ ಒಂದೇ ಕೆಲಸ ಬರುತ್ತದೆ. ವೇಗ ತಗ್ಗಿಸು ಎಂದರೆ ತಗ್ಗಿಸುತ್ತದೆ, ತಿರುಗು ಎಂದರೆ ತಿರುಗುತ್ತದೆ, ಎರಡನ್ನೂ ಒಟ್ಟಿಗೆ ಹೇಳಿದರೆ ಮುನಿಸಿಕೊಂಡು ನೇರ ಹೋಗುತ್ತದೆ. ತಿರುವಿಗೆ ಮೊದಲು ರಸ್ತೆಯ ಹೊರಬದಿಗೆ ಸರಿ, ನಡುವೆ ಒಳಬದಿಯ ಅಂಚನ್ನು ಸವರಿಕೊಂಡು ಹೋಗು, ಆಮೇಲೆ ಮತ್ತೆ ಹೊರಕ್ಕೆ ಬಿಡು. ನಿಧಾನವಾಗಿ ಒಳಗೆ ಹೋದವರೇ ಜೋರಾಗಿ ಆಚೆ ಬರುತ್ತಾರೆ. ನಮ್ಮ ಜೀಪಿನ ಡ್ರೈವರಣ್ಣ ಈ ಬೆಟ್ಟದ ತಿರುವುಗಳಲ್ಲಿ ಸಿಳ್ಳೆ ಹಾಕಿಕೊಂಡು ಹೀಗೆಯೇ ಬರುತ್ತಾನೆ, ನಾನು ಮಾತ್ರ ಸೀಟಿನ ಕಂಬಿ ಬಿಡುವುದಿಲ್ಲ.

ಇನ್ನೊಂದು ಮಾತು. ಗೋಡೆ ನೋಡಬೇಡ. ಗೋಡೆ ನೋಡಿದರೆ ಕೈ ಗೋಡೆಗೇ ಹೋಗುತ್ತದೆ. ಎಲ್ಲಿಂದ ಆಚೆ ಬರಬೇಕೋ ಆ ಜಾಗ ನೋಡು. ಮತ್ತೆ, ಮೊದಲ ತಿರುವಿನಲ್ಲೇ ಎಲ್ಲರನ್ನೂ ಹಿಂದೆ ಹಾಕುವ ಆಸೆ ಬೇಡ. ಅಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿ ಒಬ್ಬರಿಗೊಬ್ಬರು ಗುದ್ದಿಕೊಳ್ಳುತ್ತಾರೆ. ಅವರ ಗಲಾಟೆ ಮುಗಿಯಲಿ ಎಂದು ಸ್ವಲ್ಪ ಹಿಂದೆ ಇದ್ದರೆ ನಾಲ್ಕು ಜನ ತಾವಾಗಿಯೇ ಕಡಿಮೆಯಾಗಿರುತ್ತಾರೆ.

ಆರಿಸುವ ಗುಂಡಿ ಪೆಟ್ಟಿಗೆಯ ಹಿಂದೆ ಇದೆ. ಹೇಳಿದ್ದೇನೆ, ನೀನು ಆರಿಸುವುದಿಲ್ಲವೆಂದೂ ಗೊತ್ತು.

ಚಳಿಯಲ್ಲಿ ಮಳೆಮಾಪಕ ಕಾಯುತ್ತಿರುವ
ನಿನ್ನ ಮಗಳು


ಏಪ್ರಿಲ್ 6

ಮಗಳೇ,

ಅಲ್ಲ ಕಣೇ, ನೀನು ಎರಡು ಪುಟ ಬರೆದದ್ದು ಕಾಲರ್ ಹೊಲಿಯುವ ವಿಚಾರ. ಮೊದಲೇ ಹಾಗೆಂದು ಹೇಳಿದ್ದರೆ ಆಗುತ್ತಿರಲಿಲ್ಲವೇ? ಕಾಲರಿನ ತುದಿ ಬರುವ ಮೊದಲೇ ಕಾಲು ಸಡಿಲಿಸಬೇಕು, ತುದಿಗೆ ಬಂದಮೇಲೆ ಸಡಿಲಿಸಿದರೆ ಸೂಜಿ ಬಟ್ಟೆ ಬಿಟ್ಟು ಆಚೆ ಹೋಗಿರುತ್ತದೆ. ಸೂಜಿಯನ್ನೇ ನೋಡುತ್ತ ಕೂತರೆ ಹೊಲಿಗೆ ಸೊಟ್ಟ, ಮುಂದಿನ ಸೀಮೆಸುಣ್ಣದ ಗೆರೆ ನೋಡಬೇಕು. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಈಗ ಆ ದಂಡೆಯ ರಸ್ತೆಗೆಲ್ಲ ಹೆಸರಿಟ್ಟುಕೊಂಡಿದ್ದೇನೆ. ಬೆಟ್ಟ ಬಳಸಿ ಹೋಗುವ ದೊಡ್ಡ ತಿರುವು ಕಂಕುಳು. ಅಲ್ಲಿ ಕಾಲು ತೆಗೆಯಬಾರದು, ಒಂದೇ ಸಮ ಇರಬೇಕು, ಇಲ್ಲದಿದ್ದರೆ ನೆರಿಗೆ ಬರುತ್ತದೆ. ದೀಪದ ಕಂಬದ ಹತ್ತಿರದ ಚೂಪು ತಿರುವು ಕಾಲರ್. ಕೊನೆಯ ನೇರ ರಸ್ತೆ ಪ್ಯಾಂಟಿನ ಹೊರಸೀಮೆ, ಸೊಂಟದಿಂದ ಪಾದದ ತನಕದ ನೇರ ಹೊಲಿಗೆ, ಅಲ್ಲಿ ಯೋಚನೆಯೇ ಬೇಡ, ತುಳಿದರಾಯಿತು.

ಹೇಳಬಾರದೆಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ: ಗೆದ್ದೆ. ಮತ್ತೆ ಮತ್ತೆ ಗೆದ್ದೆ. ಕೆಂಪು ಕಾರೊಂದು ಯಾವಾಗಲೂ ಮುಂದಿರುತ್ತದೆ. ಅದರ ಬೆನ್ನಿಗೇ ಅಂಟಿಕೊಂಡು ಹೋದರೆ ಎದುರುಗಾಳಿಯನ್ನೆಲ್ಲ ಅದೇ ತಡೆದುಕೊಳ್ಳುತ್ತದಂತೆ, ನಮ್ಮ ಕಾರಿಗೆ ವೇಗ ಪುಕ್ಕಟೆ ಸಿಗುತ್ತದಂತೆ. ಹಾಗೆ ಕಾಲರ್ ತನಕ ಹೋಗುತ್ತೇನೆ. ಅಲ್ಲಿ ಕೆಂಪು ಕಾರು ಒಳಬದಿಯಲ್ಲಿ ಸರಿಯಾಗಿ ಒಂದು ಕಾರಿನಷ್ಟು ಜಾಗ ಬಿಡುತ್ತದೆ. ನಾನು ನುಗ್ಗಿಬಿಡುತ್ತೇನೆ. ನಿನ್ನೆ ಗೆದ್ದು ಕಿರುಚಿದ್ದಕ್ಕೆ ಮೇಲಿನ ಮನೆಯವರು ಏನಾಯಿತೆಂದು ಇಳಿದು ಬಂದರು. ಕೈಗೆ ಸೂಜಿ ಚುಚ್ಚಿತು ಎಂದೆ.

ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ.

ಗೆದ್ದ ಅಮ್ಮ


ಏಪ್ರಿಲ್ 21

ಗೆದ್ದ ಅಮ್ಮನಿಗೆ,

ಅಭಿನಂದನೆಗಳು. ನಿನ್ನ ಕಾಗದವನ್ನು ಜೋರಾಗಿ ಓದಿ ಇಲ್ಲಿಯವರನ್ನೆಲ್ಲ ನಗಿಸಿದೆ. ಕಂಕುಳು ತಿರುವು ಎಂದಾಗಲೆಲ್ಲ ಅಡುಗೆಯವರು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಒಬ್ಬಳೇ ಕೂತು ಇನ್ನೊಮ್ಮೆ ಓದಿದೆ. ಕೆಲವು ಅನುಮಾನಗಳಿವೆ.

ಗಾಳಿಯ ವಿಚಾರ ನಾನು ಬರೆದಿರಲಿಲ್ಲ. ನೀನು ‘ತಡೆದುಕೊಳ್ಳುತ್ತದಂತೆ’, ‘ಸಿಗುತ್ತದಂತೆ’ ಎಂದು ಬರೆದಿದ್ದೀಯ. ಅಂತೆ ಎಂದರೆ ಯಾರೋ ಹೇಳಿದ್ದಾರೆ. ಹೊಲಿಗೆ ಕಲಿಯುವ ಹುಡುಗಿಯರು ಹೇಳಿರಲಾರರು, ಅವರಿಗೆ ನಿನ್ನ ಎದುರು ಕೆಮ್ಮಲೂ ಭಯ.

ಎರಡನೆಯದು, ಆ ಕೆಂಪು ಕಾರು. ನಾನು ಆ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿಸಿದ್ದೇನೆ. ಯಂತ್ರ ಓಡಿಸುವ ಕಾರುಗಳು ದೀಪದ ಕಂಬದ ಹತ್ತಿರ ಒಳಬದಿಯಲ್ಲಿ ಜಾಗ ಬಿಡುವುದೇ ಇಲ್ಲ. ಅವು ಒಂದೇ ಗೆರೆ ಹಿಡಿದು ಹೋಗುತ್ತವೆ. ಅವುಗಳಿಗೆ ಮುಲಾಜು ಗೊತ್ತಿಲ್ಲ, ಮರ್ಯಾದೆ ಗೊತ್ತಿಲ್ಲ. ಸರಿಯಾಗಿ ಒಂದು ಕಾರಿನಷ್ಟು ಜಾಗವನ್ನು, ಅದೂ ಪ್ರತಿ ಸಲ ಬಿಡುವುದು ಮನುಷ್ಯರು ಮಾತ್ರ. ನಿನ್ನ ಪಕ್ಕದಲ್ಲಿ ಯಾರೋ ಕೂತು ಕೆಂಪು ಕಾರು ಓಡಿಸುತ್ತಿದ್ದಾರೆ, ಮತ್ತು ನಿನ್ನನ್ನು ಬೇಕೆಂದೇ ಗೆಲ್ಲಿಸುತ್ತಿದ್ದಾರೆ.

ಇಬ್ಬರು ಆಡಬೇಕಾದರೆ ಗುಂಡಿಗಳಿರುವ ಆ ಇನ್ನೊಂದು ಡಬ್ಬಿ ಬೇಕು. ಅದು ನನ್ನ ಕಪಾಟಿನಲ್ಲಿದೆ. ಕಪಾಟಿಗೆ ಬೀಗ ಹಾಕಿದ್ದೇನೆ. ಕೀಲಿ ಇಲ್ಲಿ, ಈ ಬೆಟ್ಟದ ಮೇಲೆ, ನನ್ನ ಜೇಬಿನಲ್ಲಿದೆ. ಈಗಷ್ಟೇ ಮುಟ್ಟಿ ನೋಡಿಕೊಂಡೆ.

ನಮ್ಮ ಬೀದಿಯಲ್ಲಿ ಕೀಲಿ ಇಲ್ಲದೆ ಬೀಗ ತೆಗೆಯುವವರು ಎಷ್ಟು ಜನರಿದ್ದಾರೆ ಅಮ್ಮಾ?

ಉತ್ತರಕ್ಕೆ ಕಾದಿರುವ
ಮಗಳು


ಮೇ 19

ಮಗಳೇ,

ಹೋದ ಸಲದ ಜೀಪಿಗೆ ಕಾಗದ ಕೊಡಲಿಲ್ಲ. ಸಿಟ್ಟು ಬಂದಿತ್ತು. ನಿನ್ನ ಮೇಲಲ್ಲ.

ಹೌದು, ಬೀಗದವರು. ಶಟರ್ ಸರಿಮಾಡಿ ಹಣೆ ಒರೆಸಿಕೊಳ್ಳುತ್ತ ಹಿಂದಿನ ಕೋಣೆಗೆ ನೀರು ಕೇಳಲು ಬಂದವರು ನಾನು ಗೋಡೆಗೆ ಹೊಡೆಯುವುದನ್ನು ನೋಡಿದರು. ತಮ್ಮನ ಮನೆಯಲ್ಲಿ ಇಂಥದೇ ಆಡಿದ್ದೇನೆ ಎಂದರು. ಇನ್ನೊಂದು ಡಬ್ಬಿ ಇರಬೇಕಲ್ಲ ಎಂದರು. ಇದೆ, ಕೀಲಿ ಬೆಟ್ಟದ ಮೇಲಿದೆ ಎಂದೆ. ಜೇಬಿನಿಂದ ಒಂದು ತಂತಿ ತೆಗೆದರು, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಕಪಾಟು ತೆರೆದಿತ್ತು. ಒಳಗೆ ನೀನು ಬಚ್ಚಿಟ್ಟಿದ್ದ ಮಿಠಾಯಿ ಡಬ್ಬಿಯೂ ಸಿಕ್ಕಿತು, ಅದರ ವಿಚಾರಣೆ ನೀನು ಬಂದಮೇಲೆ.

ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ಸಂಜೆ ಅವರು ಬರುತ್ತಿದ್ದರು. ಎರಡಾಟ, ಮೂರಾಟ. ನಿನ್ನ ಕಾಗದ ಓದುವ ತನಕ ನಾನೇ ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದೆ. ಓದಿದವಳೇ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ರಸ್ತೆ ದಾಟಿ ಹೋದೆ. ಅವರು ಯಾವುದೋ ಕೀಲಿಗೆ ಅರ ಹಾಕುತ್ತಿದ್ದರು.

“ನನಗೆ ಜಾಗ ಬಿಡ್ತಾ ಇದ್ರಾ?” ಎಂದೆ.

“ಸ್ವಲ್ಪ,” ಎಂದರು. ಸುಳ್ಳನ್ನಾದರೂ ಹೇಳಬಾರದಿತ್ತೇ?

“ಯಾಕೆ?”

“ಗೆದ್ರೆ ಇನ್ನೊಂದಾಟ ಆಡೋಣ ಅಂತೀರಿ. ಸೋತ್ರೆ ಕೆಲಸ ಇದೆ ಅಂತ ಎದ್ದು ಹೋಗ್ತೀರಿ.”

ಕೀಲಿ ಮಾಡಿಸಲು ಬಂದಿದ್ದವರು ನಗಲೋ ಬೇಡವೋ ಎಂದು ನಿಂತಿದ್ದರು. ನಾನು ವಾಪಸು ಬಂದೆ. ಆಮೇಲೆ ಎಷ್ಟೋ ಸಂಜೆ ಹಿಂದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಇವರು ಬಂದು, ಕರೆಯಲು ಧೈರ್ಯ ಸಾಲದೆ, ಶಟರ್ ಸರಿಯಾಗಿ ಜಾರುತ್ತಿದೆಯೇ ಎಂದು ಪರೀಕ್ಷೆ ಮಾಡಿದಂತೆ ಮಾಡಿ ಹೋಗುತ್ತಿದ್ದರು. ಅಷ್ಟು ಪರೀಕ್ಷೆ ಆ ಶಟರಿಗೆ ಅದರ ಜನ್ಮದಲ್ಲೇ ಆಗಿಲ್ಲ.

ಒಬ್ಬಳೇ ಆಡಿದೆ. ನೀನು ಹೇಳಿದ್ದು ಸರಿ, ಯಂತ್ರದ ಕಾರು ಜಾಗ ಬಿಡಲಿಲ್ಲ. ನಾನು ನಾಲ್ಕನೆಯವಳು.

ನಾಲ್ಕನೆಯ
ಅಮ್ಮ


ಜೂನ್ 2

ಅಮ್ಮಾ,

ನಾಲ್ಕನೇ ಸ್ಥಾನ ಕೆಟ್ಟದ್ದಲ್ಲ. ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ.

ನೀನು ಕಾಗದದ ಉದ್ದಕ್ಕೂ ‘ಅವರು’ ಎಂದು ಬರೆದಿದ್ದೀಯ. ಅವರು ಬರುತ್ತಿದ್ದರು, ಅವರು ಅರ ಹಾಕುತ್ತಿದ್ದರು. ಶಟರಿನ ಹತ್ತಿರ ಮಾತ್ರ ‘ಇವರು’ ಎಂದಿದ್ದೀಯ. ಅಳಿಸಿಲ್ಲ, ತಿದ್ದಿಲ್ಲ. ನಿನಗೇ ಗೊತ್ತಾಗಿಲ್ಲ ಎಂದು ಕಾಣುತ್ತದೆ.

ನೀನು ಇವರು ಎನ್ನುತ್ತಿದ್ದದ್ದು ಅಪ್ಪನಿಗೊಬ್ಬರಿಗೆ. ಇವರಿಗೆ ಉಪ್ಪು ಕಡಿಮೆಯಿರಬೇಕು, ಇವರು ಇನ್ನೂ ಬಂದಿಲ್ಲ ಎಂದು. ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತೀರಿಹೋದರು, ಆಮೇಲೆ ಆ ಪದ ಮನೆಯಲ್ಲಿ ಕೇಳಿಲ್ಲ. ಅದಕ್ಕೇ ಕಣ್ಣಿಗೆ ಬಿತ್ತು.

ಬೈಯುತ್ತಿಲ್ಲ. ಏನು ನಡೆದಿದೆ, ಹೇಳು.

ಮಗಳು


ಜೂನ್ 15

ಮಗಳೇ,

ಎದುರಿಗೇ ಅಂಗಡಿ ಇಟ್ಟುಕೊಂಡವರನ್ನು ಇವರು ಎನ್ನದೆ ಇನ್ನೇನು ಎನ್ನಲಿ, ಹತ್ತಿರವಿದ್ದರೆ ಇವರು, ದೂರವಿದ್ದರೆ ಅವರು ಎಂದು ನಿನಗೆ ಶಾಲೆಯಲ್ಲಿ ಕಲಿಸಲಿಲ್ಲವೇ ಎಂದು ಬರೆದೆ. ಓದಿ ನೋಡಿದೆ, ನನಗೇ ನಗು ಬಂತು. ಹರಿದುಹಾಕಿದೆ.

ಅವರು ಕೇಳಿದ್ದಾರೆ. ನಾನು ಸಿಟ್ಟು ಮಾಡಿಕೊಳ್ಳುವ ಮೊದಲೇ, ಒಂದು ಸಂಜೆ ಆಟ ಮುಗಿದಮೇಲೆ ಕೇಳಿದ್ದರು. “ಇಬ್ರೂ ಹೀಗೆ ರಸ್ತೆ ದಾಟ್ಕೊಂಡೇ ಇರೋಣ್ವಾ, ಇಲ್ಲಾ ಒಂದೇ ಮನೇಲಿ ಇರೋಣ್ವಾ?” ಎಂದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಒಳ್ಳೆಯ ಮನುಷ್ಯ. ನಾನು ಕೇಳಿಸಲಿಲ್ಲವೆಂಬಂತೆ ದಾರದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದೆ.

ನನಗೆ ಇಷ್ಟ. ನಿನಗೆ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ, ಇಷ್ಟ. ಸಂಜೆಯಾಗುತ್ತ ಬಂದರೆ ಕಿವಿ ರಸ್ತೆಯ ಕಡೆಗೇ ಇರುತ್ತದೆ.

ಆದರೆ ಆ ಜಾಗ ಬಿಟ್ಟದ್ದು ನನಗೆ ಸರಿಹೋಗಲಿಲ್ಲ ಕಣೇ. ನಿನ್ನ ಅಪ್ಪ ಹೋದಮೇಲೆ ಇಡೀ ಊರು ನನಗೆ ಜಾಗ ಬಿಟ್ಟಿತು. ಬಸ್ಸಿನಲ್ಲಿ ಬಿಟ್ಟಿತು, ಸರತಿಯಲ್ಲಿ ಬಿಟ್ಟಿತು. ಪಾಪ ಎಂದು ಹೊಲಿಯಲು ಬಟ್ಟೆ ಕೊಟ್ಟರು. ಹೊಲಿಗೆ ಕೆಟ್ಟಿದ್ದರೂ ಪಾಪ ಎಂದು ಸುಮ್ಮನಿದ್ದರು, ನಾನು ಕೆಲಸ ಕಲಿತದ್ದೇ ತಡವಾಯಿತು ಅದರಿಂದ. ಆ ಪದ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಇನ್ನೊಂದಾಟ ಆಡಲಿ ಎಂದು ಬಿಟ್ಟೆ ಎನ್ನುತ್ತಾರೆ. ಇರಬಹುದು. ಪಾಪ ಎಂದು ಬಿಟ್ಟಿದ್ದರೆ? ಪಾಪ ಎಂದು ಮದುವೆಯಾಗುವವರ ಮನೆಯಲ್ಲಿ ನಾನು ಇರಲಾರೆ.

ಇದು ನನ್ನ ಮನಸ್ಸಿನ ಮಾತು. ನಿನಗೆ ಮನಸ್ಸಿಲ್ಲದಿದ್ದರೆ ಒಂದು ಸಾಲು ಬರೆ, ಇಲ್ಲಿಗೇ ಬಿಟ್ಟೆ. ಇಷ್ಟು ವರ್ಷ ನಾವಿಬ್ಬರೇ ಇದ್ದೆವು, ಚೆನ್ನಾಗಿಯೇ ಇದ್ದೆವು.

ಅಮ್ಮ


ಜುಲೈ 14

ಅಮ್ಮಾ,

ಒಂದು ಜೀಪು ಖಾಲಿ ಇಳಿಯಿತು. ನೀನು ಪ್ರತಿದಿನ ಕಾಗದದ ದಾರಿ ಕಾದಿರುತ್ತೀಯ ಎಂದು ಗೊತ್ತಿತ್ತು, ಆದರೂ ಕೈ ಏಳಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪನ ಜಾಗಕ್ಕೆ ಯಾರೋ ಬರುತ್ತಾರೆ ಎಂದಲ್ಲ. ಅಪ್ಪ ಅಪ್ಪನೇ, ಅವರ ಜಾಗ ಎಲ್ಲಿಗೂ ಹೋಗುವುದಿಲ್ಲ. ನಾನು ಎಷ್ಟು ವರ್ಷ ಬಾ ಅಮ್ಮ ಬಾ ಅಮ್ಮ ಎಂದು ಕರೆದೆ. ಒಂದು ದಿನ ಪಕ್ಕಕ್ಕೆ ಬಂದು ಕೂರಲಿಲ್ಲ. ಅವರು ಒಂದು ಸಲ ತಂತಿ ತೂರಿಸಿದ್ದೇ ಕೂತುಬಿಟ್ಟೆ. ಇದನ್ನು ಯೋಚಿಸಿಕೊಂಡು ಎರಡು ವಾರ ಮುಖ ಊದಿಸಿಕೊಂಡಿದ್ದೆ. ಅಡುಗೆಯವರು ಏನಮ್ಮಾ, ಮೋಡಕ್ಕಿಂತ ನಿನ್ನ ಮುಖವೇ ಕಪ್ಪಗಿದೆ, ಅದನ್ನೂ ಪುಸ್ತಕದಲ್ಲಿ ಬರೆದುಕೋ ಎಂದರು.

ನಿನ್ನೆ ಬೆಳಿಗ್ಗೆ ಮಾಪಕ ನೋಡಲು ಹೋಗಿದ್ದೆ. ಮಂಜು ಸರಿದು ಕೆಳಗಿನ ರಸ್ತೆಗಳೆಲ್ಲ ಕಾಣುತ್ತಿದ್ದವು. ನೀನು ಗೆದ್ದು ಕಿರುಚಿದ್ದು, ಮೇಲಿನ ಮನೆಯವರು ಓಡಿ ಬಂದದ್ದು, ಸೂಜಿ ಚುಚ್ಚಿತು ಎಂದು ನೀನು ಸುಳ್ಳು ಹೇಳಿದ್ದು ನೆನಪಾಯಿತು. ನೀನು ಕಿರುಚಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅಲ್ಲೇ ನಿಂತು ನಕ್ಕೆ. ಮುಖ ಊದಿಸಿಕೊಂಡದ್ದು ಸಾಕು ಎನಿಸಿತು.

ನನಗೆ ಮನಸ್ಸಿದೆ. ಪೂರ್ತಿ ಇದೆ. ಇನ್ನು ನಿನ್ನ ಮನಸ್ಸಿಗೆ ನಾನು ಉತ್ತರ ಹೇಳಲಾರೆ, ಆದರೆ ತಿಳಿದುಕೊಳ್ಳುವ ದಾರಿ ಹೇಳುತ್ತೇನೆ. ಬಾಗಿಲು ತೆಗೆ. ಕೂರಿಸು. ಒಂದೇ ಒಂದು ಆಟ, ಬಿಡದೆ ಆಡಿ ಎಂದು ಹೇಳು. ಪಾಪ ಎನ್ನುವವರಿಗೆ ನಿನ್ನನ್ನು ನಿಜವಾಗಿ ಸೋಲಿಸಲು ಕೈ ಬರುವುದಿಲ್ಲ. ಎಲ್ಲೋ ಒಂದು ಕಡೆ ಕಾಲು ಸಡಿಲಿಸಿಯೇ ಸಡಿಲಿಸುತ್ತಾರೆ. ಈಗ ನಿನಗೆ ಅಷ್ಟು ಓಡಿಸಲು ಬರುತ್ತದೆ, ಸಡಿಲಿಸಿದರೆ ನಿನಗೆ ಗೊತ್ತಾಗುತ್ತದೆ.

ಅವರು ಬಿಡದೆ ಆಡಿದರೆ ಕಾಲರಿನಲ್ಲಿ ಒಳಬದಿ ಮುಚ್ಚುತ್ತಾರೆ. ಮುಚ್ಚಲಿ. ಒಳಬದಿ ಹಿಡಿದವರು ತಿರುವನ್ನು ಇಕ್ಕಟ್ಟಾಗಿ ತೆಗೆದುಕೊಳ್ಳಬೇಕು, ಆಚೆ ಬರುವಾಗ ಹೊರಕ್ಕೆ ಜಾರುತ್ತಾರೆ. ನೀನು ಅವರ ಜೊತೆ ಒಳಗೆ ನುಗ್ಗಬೇಡ. ಹೊರಬದಿಯಲ್ಲೇ ಇದ್ದು ಅವರಿಗಿಂತ ಮೊದಲು ಬ್ರೇಕ್ ಹಾಕು, ಅವರಿಗಿಂತ ತಡವಾಗಿ ತಿರುಗು. ಅವರು ಜಾರಿದ ಗಳಿಗೆಯಲ್ಲಿ ಒಳಗಿನಿಂದ ತುಳಿದು ಹೊರಡು. ಇದು ನನ್ನ ಗುಟ್ಟು, ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಫಲಿತಾಂಶ ಬರೆ.

ನಿನ್ನ ಕಡೆಯವಳು,
ಮಗಳು


ಜುಲೈ 30

ನನ್ನ ಕಡೆಯವಳಿಗೆ,

ಮೊದಲು ಮನೆಯ ವಿಷಯ. ನಿನ್ನ ಕೋಣೆ ನಿನ್ನದೇ, ಅದರಲ್ಲಿ ಒಂದು ಮೊಳೆಯನ್ನೂ ಕೀಳುವುದಿಲ್ಲ. ನೀನು ಇಳಿದು ಬರುವವರೆಗೆ ಯಾವ ಕಚೇರಿಗೂ ಹೋಗಿ ಸಹಿ ಹಾಕುವುದಿಲ್ಲ. ಏನೆಂದು ಕರೆಯಬೇಕು ಎಂದು ನೀನು ಕೇಳಲಿಲ್ಲ, ಆದರೆ ಕೇಳುತ್ತೀಯ ಎಂದು ಇವರು ಈಗಿನಿಂದಲೇ ಚಿಂತೆ ಮಾಡುತ್ತಿದ್ದಾರೆ. ಮಾಡಲಿ.

ನಿನ್ನ ಕಾಗದ ಬಂದ ದಿನವೇ ರಸ್ತೆ ದಾಟಿ ಹೋಗಿ ಸಂಜೆ ಬನ್ನಿ ಎಂದೆ. ತಲೆ ಬಾಚಿಕೊಂಡು ಬಂದರು. ಒಂದೇ ಆಟ, ಜಾಗ ಬಿಟ್ಟರೆ ಇದೇ ಕೊನೆ ಎಂದೆ. ಅವರು ಕನ್ನಡಕ ಒರೆಸಿ, ಅಂಗಿಯ ತೋಳು ಮಡಚಿದರು. ನಾನು ಸೆರಗು ಬಿಗಿದು ಪೆಡಲಿಗೆ ಕಾಲಿಟ್ಟೆ.

ಅಬ್ಬಾ, ಆ ಮನುಷ್ಯ ಎಷ್ಟು ಚೆನ್ನಾಗಿ ಓಡಿಸುತ್ತಾರೆ ಗೊತ್ತೇ! ಇಷ್ಟು ದಿನ ಅದನ್ನೆಲ್ಲ ಎಲ್ಲಿ ಮಡಚಿಟ್ಟಿದ್ದರೋ. ಮೊದಲ ತಿರುವಿನಲ್ಲೇ ನನ್ನನ್ನು ಪಕ್ಕಕ್ಕೆ ತಳ್ಳಿ ಹೋದರು. ಕಂಕುಳಲ್ಲಿ ನಾನು ಕಾಲು ತೆಗೆಯದೆ ಹಿಡಿದುಕೊಂಡು ಬೆನ್ನಿಗೆ ಅಂಟಿಕೊಂಡೆ. ಒಳಗೆ ಹೋಗಲು ನೋಡಿದರೆ ಒಳಗೆ ಬಂದರು, ಹೊರಗೆ ಸರಿದರೆ ಹೊರಗೆ ಬಂದರು. ನಾಲಿಗೆ ಕಚ್ಚಿಕೊಂಡು, ಮುಕ್ಕಾಲಿಯ ತುದಿಗೆ ಬಂದು ಕೂತಿದ್ದರು, ನಾನು ಪಕ್ಕದಲ್ಲಿದ್ದೇನೆ ಎಂಬುದೇ ಮರೆತಿತ್ತು. ಒಂದು ಸಲ ನಾನು ಗುದ್ದಿದಾಗ ಕಣ್ಣು ತೆಗೆಯದೆ “ನೋಡ್ಕೊಂಡು ಓಡಿಸ್ರೀ” ಎಂದು ಗದರಿದರು. ನನ್ನನ್ನು ಯಾರೂ ಹಾಗೆ ಗದರಿ ಎಷ್ಟು ಕಾಲವಾಗಿತ್ತೋ. ಎಷ್ಟು ಹಿತವಾಯಿತು ಎಂದು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಕೊನೆಯ ಸುತ್ತು. ಕಾಲರಿನಲ್ಲಿ ಅವರು ಒಳಬದಿ ಮುಚ್ಚಿದರು, ಒಂದು ಸೂಜಿ ಹೋಗುವಷ್ಟು ಜಾಗವಿಲ್ಲ. ನೀನು ಹೇಳಿದಂತೆ ಹೊರಗೇ ಇದ್ದೆ, ಮೊದಲು ಬ್ರೇಕ್ ಹಾಕಿದೆ, ತಡವಾಗಿ ತಿರುಗಿದೆ. ಅವರು ಹೊರಕ್ಕೆ ಜಾರಿದರು. ನಾನು ತುಳಿದೆ. ಹೊರಸೀಮೆಯಲ್ಲಿ ಇಬ್ಬರೂ ಪಕ್ಕ ಪಕ್ಕ, ಇಂಚೂ ಹೆಚ್ಚುಕಡಿಮೆ ಇಲ್ಲ. ನಾನು ಟಿವಿ ನೋಡುತ್ತಿರಲಿಲ್ಲ, ಅವರ ಹೆಬ್ಬೆರಳು ನೋಡುತ್ತಿದ್ದೆ. ಗುಂಡಿಯನ್ನು ಎಷ್ಟು ಬಲವಾಗಿ ಒತ್ತಿದ್ದರೆಂದರೆ ಉಗುರು ಬೆಳ್ಳಗಾಗಿತ್ತು. ಅದು ಸಡಿಲವಾಗಲಿಲ್ಲ. ಕೊನೆಯ ತನಕ ಸಡಿಲವಾಗಲಿಲ್ಲ.

ನನ್ನ ಕಾರಿನ ಮೂತಿ ಗೆರೆ ಮುಟ್ಟುವ ಮೊದಲು ಅವರದು ಮುಟ್ಟಿತು. ಅವರು ಎರಡೂ ಕೈ ಎತ್ತಿ ಎದ್ದು ನಿಂತ ರಭಸಕ್ಕೆ ಗುಂಡಿಗಳ ತಟ್ಟೆ ಬಿದ್ದು, ಅಂಗಿ ಗುಂಡಿಗಳೆಲ್ಲ ಕೋಣೆ ತುಂಬ ಉರುಳಿದವು. ಆಮೇಲೆ ನಾನಿದ್ದೇನೆ ಎಂದು ನೆನಪಾಗಿ, ಎತ್ತಿದ ಕೈ ಹಾಗೇ ಇಟ್ಟುಕೊಂಡು, ಬೆದರಿ ನನ್ನ ಕಡೆ ನೋಡಿದರು. ನನಗೆ ಅಳುವಷ್ಟು ನಗು.

“ಸೋಲು ಒಪ್ಕೋತೀರಾ?” ಎಂದು ಮೆಲ್ಲಗೆ ಕೇಳಿದರು.

“ಒಪ್ಕೊಂಡೆ,” ಎಂದೆ. “ಅವತ್ತು ಕೇಳಿದ್ರಲ್ಲ, ಅದನ್ನೂ ಒಪ್ಕೊಂಡೆ.”

ಸೋತ,
ನಿನ್ನ ಅಮ್ಮ